ಮೂಡಬಿದಿರೆಯ ಕಂಬಗಳೂ ಹಸಿಮರವನ್ನು ಆರಿಸುವ ವಿದ್ಯೆಯೂ

ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯು 1430ರಲ್ಲಿ ನಿರ್ಮಿತವಾದುದು. ‘ಸಾವಿರ ಕಂಬದ ಬಸದಿ’ಯೆಂಬ ರೂಢಿಯ ಹೆಸರಿಗೆ ತಕ್ಕಂತೆ ಇದನ್ನು ಕುರಿತು ಬರೆದವರಲ್ಲಿ ಬಹುಮಂದಿ ಶಿಲಾಸ್ತಂಭಗಳನ್ನೇ ವರ್ಣಿಸಿರುವರು, ಮೇಲಂತಸ್ತಿನ ಮರಗೆಲಸಕ್ಕೆ ದೊರೆತಿರುವ ಗಮನವು ಅಲ್ಪ. 1876ರಲ್ಲಿ ಪ್ರಕಟವಾದ ತಮ್ಮ ವಾಸ್ತುಚರಿತ್ರೆಯಲ್ಲಿ ಫರ್ಗುಸನ್ನರು ಇಲ್ಲಿಯ ಬಸದಿಗಳ ಇಳಿಜಾರು ಮಾಡುಗಳನ್ನು ನೇಪಾಳದ ಕಟ್ಟಡಗಳೊಡನೆ ಹೋಲಿಸಿದರು; ಕಲ್ಲುಕಂಬಗಳು ಮೂಲೆ ಕೆತ್ತಿದ ಮರದ ದಿಮ್ಮಿಗಳಂತಿವೆಯೆಂದೂ ಹೇಳಿದರು. ಮೊದಲನೆಯ ಮಾತೇ ಹೆಚ್ಚು ಪ್ರಸಿದ್ಧವಾಯಿತು. ನನ್ನ ಮಟ್ಟಿಗೆ ಎರಡನೆಯದೇ ಬೆಲೆಯುಳ್ಳದ್ದು. ಮಳೆಯೂ ಮರವೂ ಹೇರಳವಾಗಿರುವೆಡೆ ಮಾಡುಗಳು ಒಂದನ್ನೊಂದು ಹೋಲುವುದು ಸಹಜ. ಆದರೆ ಕಲ್ಲಿನಲ್ಲಿ ದಿಮ್ಮಿಯ ಆಕಾರವು ಮೂಡಬೇಕಾದರೆ, ಆ ನಾಡಿನ ಶಿಲ್ಪಪರಂಪರೆಯು ಮರದಲ್ಲಿ ಪಳಗಿದುದಾಗಿರಬೇಕು.

ಮರದಲ್ಲಿ ಪಳಗುವುದೆಂದರೆ ಉಳಿಯ ಚಾತುರ್ಯಕ್ಕಿಂತ ಮೊದಲು ಹಸಿಮರವನ್ನು ಸೀಳದಂತೆ ಆರಿಸುವುದು. ಮರವು ಒಣಗುವುದರಿಂದ ಬಿರಿಯುವುದಿಲ್ಲ, ಅಸಮವಾಗಿ ಒಣಗುವುದರಿಂದ ಬಿರಿಯುವುದು. ನಾರುಗಳು ತೆರೆದಿರುವ ತುದಿಗಳಿಂದ ನೀರು ಬೇಗನೆ ಹೊರಡುತ್ತದೆ. ನಡುಭಾಗವು ಇನ್ನೂ ಹಸಿಯಾಗಿರುವಾಗ ತುದಿಯು ಕುಗ್ಗಿ ಸೀಳುತ್ತದೆ. ಇದಲ್ಲದೆ ಮರದ ಸುತ್ತಳತೆಯ ದಿಕ್ಕಿನ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಗೆ ಸುಮಾರು ಇಮ್ಮಡಿ. ಆದುದರಿಂದ ತಿರುಳನ್ನು ಒಳಗಿಟ್ಟುಕೊಂಡ ದುಂಡುಮರವು ಎಲ್ಲಿಯಾದರೂ ಒಂದೆಡೆ ಬಾಯಿಬಿಡದೆ ಇರುವುದು ಅಪೂರ್ವ. ಕೊಡಲಿಯ ಕಾವು, ಒನಕೆ, ನೊಗಗಳಿಗೆ ಮರವನ್ನು ನಾರಿನ ಜಾಡಿನಲ್ಲಿ ಸೀಳಿ, ತಿರುಳನ್ನು ಕಳೆದು, ತುದಿಗಳಿಗೆ ಸಗಣಿ ಬೆರಸಿದ ಮಣ್ಣನ್ನು ಮೆತ್ತಿ, ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟುವುದರ ಕಾರಣವು ಇದೇ. ದಪ್ಪ ದಿಮ್ಮಿಗಳನ್ನು ಕೆರೆಯ ನೀರಿನಲ್ಲಿ ಮುಳುಗಿಸಿಡುವ ಪದ್ಧತಿಯೂ ಉಂಟು. ಒಣಗಿಸಬೇಕಾದುದನ್ನು ನೀರಿಗೆ ಹಾಕುವುದು ಕೇಳುವವರಿಗೆ ವಿಚಿತ್ರವೆನಿಸಬಹುದು. ಮುಳುಗಿದ ಮರಕ್ಕೆ ಬಿಸಿಲೂ ಹುಳುವೂ ತಾಗವು, ಅದರೊಳಗಿನ ಸತ್ತ್ವವೂ ಕೆಲಮಟ್ಟಿಗೆ ತೊಳೆದುಹೋಗುವುದು.

ಘಟ್ಟದ ಬುಡದ ಬೆಳ್ತಂಗಡಿಯಿಂದ ನೇತ್ರಾವತಿಯ ದಡದ ಬಂಟ್ವಾಳದವರೆಗಿನ ಸೀಮೆಯಲ್ಲಿ ಈ ವಿದ್ಯೆಯು ಸುಲಭವಾದುದಲ್ಲ. ಮಳೆಗಾಲದ ನಾಲ್ಕು ತಿಂಗಳು ಮರವು ಆರುವುದೇ ಇಲ್ಲ, ಬೂಷ್ಟು ಹಿಡಿಯುವುದು. ಮಳೆ ಹಿಂಜರಿದ ಮೇಲೆ ಘಟ್ಟದ ಕಡೆಯಿಂದ ಬೀಸುವ ಒಣಗಾಳಿಯು ಅದೇ ಮರವನ್ನು ಒಮ್ಮೆಲೇ ಹೀರಿಬಿಡುವುದು. ಕಿರಾಲುಬೋಗಿಯಂತಹ ಗಟ್ಟಿಮರಕ್ಕೆ ಈ ಗಾಳಿಯ ಭಯವು ಹೆಚ್ಚು. ಹಲಸು ಅಷ್ಟು ಹಟಮಾಡುವುದಿಲ್ಲ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಮರವನ್ನು ತರುವ ವಿಷಯದಲ್ಲಿ ಒಂದು ಅಧ್ಯಾಯವೇ ಇದೆ. ಯಾವ ಮರವು ಗ್ರಾಹ್ಯ, ಯಾವುದು ತ್ಯಾಜ್ಯ, ಕಡಿಯುವ ಮುನ್ನ ಪೂಜೆ ಹೇಗೆ ಎಂಬುದೇ ಅಲ್ಲಿಯ ಮುಖ್ಯ ವಿಚಾರ. ಆರಿಸುವ ಕೆಲಸದ ಸೂಕ್ಷ್ಮವು ಆಚಾರಿಯ ಕೈಯಲ್ಲಿಯೇ ಉಳಿಯಿತು. ಕೈಯೊಡನೆ ಹೋಗುವ ವಿದ್ಯೆಯು ಶಾಸನಕ್ಕೆ ಸಿಕ್ಕುವುದಿಲ್ಲ.

ಸಾಹಿತ್ಯದ ಅಧ್ಯಾಪಕರಿಗೆ ಇದು ದೂರದ ಸಂಗತಿಯೆಂದು ತೋರಬಾರದು. ಧವಲಾದಿ ಸಿದ್ಧಾಂತಗ್ರಂಥಗಳು ಉಳಿದುಬಂದುದು ಇದೇ ಮೂಡಬಿದಿರೆಯ ತಾಡಪತ್ರಗಳಲ್ಲಿ. ಓಲೆಯನ್ನು ಬೇಯಿಸಿ ನೆರಳಿನಲ್ಲಿ ಆರಿಸುವುದರಲ್ಲಿಯೂ ಮರದ ನ್ಯಾಯವೇ ಇದೆ. ಓಲೆಯ ಕಟ್ಟನ್ನು ಮೇಲೆ ಕೆಳಗೆ ಹಿಡಿದಿರುವ ಹಲಗೆಗಳಂತೂ ಮರವೇ. ಹಸಿಯಾಗಿ ಕೊಯ್ದ ಹಲಗೆಯು ಬಾಗಿದರೆ, ದಾರ ಓಡುವ ರಂಧ್ರದಲ್ಲಿ ಓಲೆಯು ಸೀಳಿ ಅಕ್ಷರವು ನಷ್ಟವಾಗುವುದು. ಕೆ. ಭುಜಬಲಿ ಶಾಸ್ತ್ರಿಗಳ ಗ್ರಂಥಸೂಚಿಯು 1948ರಲ್ಲಿ ಹೊರಬಂದು ಇಲ್ಲಿಯ ಓಲೆಗಳಿಗೆ ದಾರಿ ತೋರಿತು. ಮುಂದೆ ಸೂಚಿಗಳನ್ನು ರಚಿಸುವವರು ಪ್ರತಿಯೊಂದು ಕಟ್ಟಿನ ಹಲಗೆ ಯಾವ ಮರದ್ದು, ತಿರುಳಿನ ಎಷ್ಟು ಸಮೀಪದಲ್ಲಿ ಕೊಯ್ದದ್ದು, ಬಾಗಿದೆಯೆ ಇಲ್ಲವೆ ಎಂಬ ಒಂದು ಸಾಲನ್ನೂ ಸೇರಿಸುವುದು ಯುಕ್ತ.