ಯಾತ್ರಿಕರ ಮಾತುಕತೆಯೂ ಧವಲಾ ಗ್ರಂಥಗಳ ಪ್ರಕಟಣೆಯೂ

ಷಟ್ಖಂಡಾಗಮದ ಧವಲಾ ಟೀಕೆ ಅಚ್ಚಾದ ಚರಿತ್ರೆಯನ್ನು ಹೇಳುವಾಗ ಸಂಪಾದಕರ ಪಾಂಡಿತ್ಯವನ್ನೂ ದಾನಿಗಳ ಔದಾರ್ಯವನ್ನೂ ಸ್ಮರಿಸುವುದು ವಾಡಿಕೆ. ಎರಡೂ ಸ್ಮರಣೀಯವೇ. ಆದರೆ ಗ್ರಂಥವನ್ನು ಕಾಯ್ದವರು ಮೂಡುಬಿದಿರೆಯಲ್ಲಿದ್ದರು. ಅದರ ಲಿಪಿ ಬಲ್ಲವರು ಶ್ರವಣಬೆಳಗೊಳದಲ್ಲಿ. ಹಣವುಳ್ಳವರು ಮುಂಬಯಿ, ಸೊಲ್ಲಾಪುರ, ಭೇಲಸಾಗಳಲ್ಲಿ. ಸಂಪಾದಿಸಬಲ್ಲವರು ಅಮರಾವತಿ, ಕೊಲ್ಹಾಪುರಗಳಲ್ಲಿ. ಒಬ್ಬರ ಭಾಷೆ ಮತ್ತೊಬ್ಬರಿಗೆ ಬಾರದು. ಇಂಥವರು ಒಬ್ಬರನ್ನೊಬ್ಬರು ಕಂಡುಕೊಂಡದ್ದಾದರೂ ಹೇಗೆ? ದಾಖಲೆಗಳನ್ನು ನೋಡಿದರೆ, ತೀರ್ಥಯಾತ್ರೆಗಳಲ್ಲಿ ಮತ್ತು ಸಮಾಜದ ಅಧಿವೇಶನಗಳಲ್ಲಿ, ಅದೂ ಕಾರ್ಯಕ್ರಮದ ಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ ನಡೆದ ಮಾತುಕತೆಗಳು ಈ ಕಥೆಯ ಮುಖ್ಯ ತಿರುವುಗಳಲ್ಲೆಲ್ಲ ಎದುರಾಗುತ್ತವೆ.

ವೀರಸೇನಾಚಾರ್ಯರ ಧವಲಾ ಸಾಮಾನ್ಯವಾಗಿ ಕ್ರಿ.ಶ. 816ಕ್ಕೆ ಸೇರಿದ್ದೆಂದು ಪರಿಗಣಿತವಾಗಿದೆ. ಅವರು ಆರಂಭಿಸಿದ ಜಯಧವಲಾವನ್ನು ಶಿಷ್ಯ ಜಿನಸೇನರು 837ರಲ್ಲಿ, ನೃಪತುಂಗ ಅಮೋಘವರ್ಷನ ಆಳ್ವಿಕೆಯಲ್ಲಿ, ಪೂರ್ಣಗೊಳಿಸಿದರು. ಇವೆರಡರೊಡನೆ ಮಹಾಧವಲವೆಂದು ರೂಢಿಯಲ್ಲಿರುವ ಮಹಾಬಂಧವೂ ಸೇರಿ ಮೂರು ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡೋಲೆಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಪ್ರಾಕೃತ-ಸಂಸ್ಕೃತಗಳ ಮಿಶ್ರಣ, ಲಿಪಿ ಹಳಗನ್ನಡದ್ದು. ಈ ಪ್ರತಿಗಳ ಹುಟ್ಟಿನಲ್ಲಿಯೇ ಸಮುದಾಯದ ಆಚರಣೆಯೊಂದಿದೆ. ಮಹಾಬಂಧದ ಪ್ರಶಸ್ತಿಪದ್ಯಗಳ ಪ್ರಕಾರ, ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಅತ್ತಿಮಬ್ಬೆಯ ನಾಡಿನಲ್ಲಿ ಇದು ಅಚ್ಚರಿಯ ಸಂಗತಿಯಲ್ಲ. ಅಚ್ಚರಿಯೆನಿಸುವುದು ಮುಂದಿನದು: ಓದುವುದಕ್ಕೆಂದು ದಾನವಾದ ಗ್ರಂಥ ಕಾಲಕ್ರಮದಲ್ಲಿ ಕೇವಲ ದರ್ಶನದ ವಸ್ತುವಾಯಿತು.

1883ರ ಸುಮಾರಿಗೆ ಮುಂಬಯಿಯ ಸೇಠ್ ಮಾಣಿಕಚಂದ್ ಹೀರಾಚಂದ್ ಜವೇರಿಯವರು ಸಂಘದೊಡನೆ ದಕ್ಷಿಣದ ಯಾತ್ರೆ ಕೈಗೊಂಡು ಮೂಡುಬಿದಿರೆಗೆ ಬಂದರು. ಅಲ್ಲಿಗೆ ಬಂದ ಯಾತ್ರಿಕರಿಗೆ ರತ್ನಬಿಂಬಗಳ ದರ್ಶನವಾಗುತ್ತದೆ. ಜೊತೆಗೆ ಸಿದ್ಧಾಂತಗ್ರಂಥಗಳ ದರ್ಶನವೂ. ಮಾಣಿಕಚಂದರು ಮುತ್ತುರತ್ನಗಳ ವ್ಯಾಪಾರಿ. ಆದರೂ ಅವರ ಕಣ್ಣು ರತ್ನಗಳಿಗಿಂತ ಹೆಚ್ಚಾಗಿ ಶಿಥಿಲವಾಗುತ್ತಿದ್ದ ಓಲೆಗರಿಗಳ ಮೇಲೆ ನಿಂತಿತು. ಇವನ್ನು ಓದಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಅವರು ಭಟ್ಟಾರಕರನ್ನೂ ಪಂಚರನ್ನೂ ವಿಚಾರಿಸಿದರು. ದರ್ಶನಪೂಜನಗಳಿಂದಲೇ ತಮ್ಮ ಜನ್ಮ ಸಾರ್ಥಕವೆಂದು ತಿಳಿದಿರುವುದಾಗಿಯೂ, ಓದಬಲ್ಲ ಬ್ರಹ್ಮಸೂರಿ ಶಾಸ್ತ್ರಿಗಳು ಶ್ರವಣಬೆಳಗೊಳದಲ್ಲಿರುವುದಾಗಿಯೂ ಉತ್ತರ ಬಂತು. ಆ ಉತ್ತರದ ಮೊದಲರ್ಧ ಶ್ರದ್ಧೆಯದು. ಉತ್ತರಾರ್ಧ ಮುಂದಿನ ಕಾರ್ಯಕ್ಕೆ ಬೇಕಾದ ವಿಳಾಸ. ಕೇಳುವವರಿಲ್ಲದ ಕಾರಣ ಆ ವಿಳಾಸ ಅಷ್ಟು ಕಾಲ ಯಾರಿಗೂ ಉಪಯೋಗಕ್ಕೆ ಬಂದಿರಲಿಲ್ಲ.

ಮಾಣಿಕಚಂದರು ಈ ಸಂಗತಿಯನ್ನು ಸೊಲ್ಲಾಪುರದ ಗೆಳೆಯ, ‘ಜೈನ ಬೋಧಕ’ ಪತ್ರಿಕೆಯ ಸ್ಥಾಪಕ ಹೀರಾಚಂದ್ ನೇಮಚಂದರಿಗೆ ತಿಳಿಸಿದರು. ಮರುವರ್ಷ ಹೀರಾಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡೇ ಮೂಡುಬಿದಿರೆಗೆ ಹೋದರು. ಶಾಸ್ತ್ರಿಗಳು ಧವಲಾದ ಮಂಗಳಾಚರಣೆಯನ್ನು ಓದಿದಾಗ ನೆರೆದವರೆಲ್ಲ ಪುಲಕಿತರಾದರಂತೆ. ತಲೆತಲಾಂತರದಿಂದ ಕೈಮುಗಿಯುತ್ತ ಬಂದಿದ್ದ ಗ್ರಂಥದ ದನಿ ಅವರ ಕಿವಿಗೆ ಬಿದ್ದ ಗಳಿಗೆಯದು.

ಆದರೆ ಮಾತು ತಾನಾಗಿಯೇ ಕಾರ್ಯವಾಗುವುದಿಲ್ಲ. ಇಬ್ಬರು ಸೇಠರೂ ವ್ಯವಹಾರದಲ್ಲಿ ಮುಳುಗಿ ಸುಮಾರು ಹತ್ತು ವರ್ಷ ಏನೂ ನಡೆಯಲಿಲ್ಲ. ಈ ನಡುವೆ ಅಜ್ಮೇರದ ಸೇಠ್ ಮೂಲಚಂದ್ ಸೋನಿಯವರು ಪಂಡಿತ ಗೋಪಾಲದಾಸ ಬರೈಯಾ ಅವರೊಡನೆ ಬಂದು ಪ್ರತಿಮಾಡಿಸುವ ಕೆಲಸವನ್ನು ಆರಂಭಿಸಿಯೂ ಬಿಟ್ಟರು. ಪ್ರತಿ ಅಜ್ಮೇರಕ್ಕೆ ಹೋಗಬೇಕೆಂಬ ಇಚ್ಛೆ ವ್ಯಕ್ತವಾದೊಡನೆ ಮೂಡುಬಿದಿರೆಯವರು ಹಿಂದೆ ಸರಿದರು, ಕೆಲಸ ನಿಂತಿತು. ಇದನ್ನು ಮಠದ ಸಂಕುಚಿತತೆಯೆಂದು ಸುಲಭವಾಗಿ ಬರೆಯುವವರುಂಟು. ಆ ತೀರ್ಮಾನ ಸರಿಯೆನಿಸದು. ಶತಮಾನಗಳ ಕಾಲ ಗ್ರಂಥವನ್ನು ಉಳಿಸಿಕೊಟ್ಟವರಿಗೆ, ಅದು ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕಿತ್ತು. ಪ್ರತಿಯ ಒಡೆತನದ ಮಾತನ್ನು ಮೊದಲೇ ಆಡಿ ಮುಗಿಸದಿದ್ದದ್ದೇ ಇಲ್ಲಿಯ ಕೊರತೆ.

1896ರ ಸುಮಾರಿಗೆ ಮುಂಬಯಿ-ಸೊಲ್ಲಾಪುರಗಳ ಪ್ರಯತ್ನದಿಂದ ಪ್ರತಿಲೇಖನ ಮತ್ತೆ ಆರಂಭವಾಯಿತು. ಈ ಬಾರಿ ಪ್ರತಿ ಭಂಡಾರದಲ್ಲಿಯೇ ಉಳಿಯಬೇಕಿತ್ತು. ಬ್ರಹ್ಮಸೂರಿ ಶಾಸ್ತ್ರಿಗಳು ಸ್ವಲ್ಪ ಭಾಗ ಬರೆಯುವಷ್ಟರಲ್ಲಿ ತೀರಿಕೊಂಡರು. ಮೀರಜಿನ ಗಜಪತಿ ಉಪಾಧ್ಯಾಯರು ಧವಲಾ, ಜಯಧವಲಾಗಳ ನಾಗರಿ ಪ್ರತಿಯನ್ನು ಮುಂದುವರಿಸಿದರು. ಮಹಾಬಂಧದ ನಾಗರಿ ಪ್ರತಿಯನ್ನು ಲೋಕನಾಥ ಶಾಸ್ತ್ರಿಗಳು ಸಿದ್ಧಪಡಿಸಿದರು. ಎಲ್ಲವೂ ಮುಗಿಯುವ ವೇಳೆಗೆ 1922 ಬಂದಿತ್ತು.

ಇದೇ ಅವಧಿಯಲ್ಲಿ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಒಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಅದನ್ನು ಹೀರಾಚಂದರ ಬಳಿಗೆ ಒಯ್ದಾಗ, ಕದ್ದು ಮಾಡಿದ ಪ್ರತಿ ತಮಗೆ ಬೇಡವೆಂದು ಅವರು ನಿರಾಕರಿಸಿದರು. ಗ್ರಂಥಕ್ಕಾಗಿ ಅಷ್ಟು ದುಡಿದವರು ಗ್ರಂಥವೇ ಮನೆಬಾಗಿಲಿಗೆ ಬಂದಾಗ ಒಲ್ಲೆನೆಂದದ್ದು ಈ ಇತಿಹಾಸದ ಘನವಾದ ಪ್ರಸಂಗಗಳಲ್ಲೊಂದು. ಮೂಡುಬಿದಿರೆಯವರೊಡನೆ ಆದ ಒಡಂಬಡಿಕೆಯ ಬೆಲೆ ಅವರಿಗೆ ಗೊತ್ತಿತ್ತು. ಕೊನೆಗೆ ಅದನ್ನು ಕೊಂಡವರು ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು. ಅಲ್ಲಿ ನಾಗರಿಗೆ ಇಳಿಸಿಕೊಳ್ಳುವಾಗ ಪ್ರತಿಕಾರರಲ್ಲೊಬ್ಬರಾದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದನ್ನು ಬರೆದುಕೊಂಡರು; ಆರಾ, ಕಾರಂಜಾ ಮೊದಲಾದ ಕಡೆಗಳಿಗೆ ಪ್ರತಿಗಳು ಹರಡಿದವು. ನೀತಿಯ ತಕ್ಕಡಿಯಲ್ಲಿ ಇದನ್ನು ಹೇಗೇ ತೂಗಿದರೂ, ಮುದ್ರಣಕ್ಕೆ ಆಧಾರವಾದದ್ದು ಈ ಕವಲು ಎಂಬುದನ್ನು ಮರೆಮಾಚುವಂತಿಲ್ಲ.

ಪ್ರತಿಗಳಿದ್ದವು, ಓದುವ ವಿದ್ವಾಂಸರೂ ಇದ್ದರು, ಅಚ್ಚಿಗೆ ಹಣವಿರಲಿಲ್ಲ. ಆ ಗಂಟು ಬಿಚ್ಚಿದ ಬಗೆಯನ್ನು ಅಮರಾವತಿಯ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನರು ಧವಲಾದ ಮೊದಲ ಸಂಪುಟದ ಪ್ರಾಕ್ಕಥನದಲ್ಲಿ ದಾಖಲಿಸಿದ್ದಾರೆ. 1933ರಲ್ಲಿ ಇಟಾರಸಿಯಲ್ಲಿ ದಿಗಂಬರ ಜೈನ ಪರಿಷತ್ತಿನ ಅಧಿವೇಶನ ನಡೆಯಿತು. ಅಧ್ಯಕ್ಷರು ನ್ಯಾಯಾಧೀಶರಾಗಿದ್ದ ಬ್ಯಾರಿಸ್ಟರ್ ಜಮನಾಪ್ರಸಾದರು. ಮೊದಲ ದಿನದ ಸಭೆ ಮುಗಿದ ರಾತ್ರಿ ಕೆಲವರು ಕೋಣೆಯೊಂದರಲ್ಲಿ ಕುಳಿತು ಸಾಹಿತ್ಯೋದ್ಧಾರದ ಮಾತಾಡುತ್ತಿದ್ದರು. ದಣಿದ ಅಧ್ಯಕ್ಷರು ಅಲ್ಲಿಯೇ ಮಲಗಿದ್ದರು. ಭೇಲಸಾದ ಸೇಠ್ ಲಕ್ಷ್ಮೀಚಂದ್ರರೂ ಬಂದಿದ್ದಾರೆ, ರಥೋತ್ಸವಕ್ಕೋ ಏನೋ ಹತ್ತು ಸಾವಿರ ರೂಪಾಯಿ ವಿನಿಯೋಗಿಸುವ ಮನಸ್ಸಿನಲ್ಲಿದ್ದಾರೆ ಎಂಬ ಸುದ್ದಿಯನ್ನು ಯಾರೋ ತಂದರು. ಜಮನಾಪ್ರಸಾದರು ಯಾರಿಗೂ ಏನೂ ಹೇಳದೆ ಎದ್ದುಹೋದರು. ನಡುರಾತ್ರಿ ಕಳೆದ ಮೇಲೆ ಮರಳಿ ಹೀರಾಲಾಲರನ್ನು ಎಬ್ಬಿಸಿ ಕೈಗೊಂದು ಚೀಟಿ ಕೊಟ್ಟರು. ಸಾಹಿತ್ಯೋದ್ಧಾರಕ್ಕೆ ಹತ್ತು ಸಾವಿರ ರೂಪಾಯಿ ಕೊಡುವುದಾಗಿ ಸೇಠರು ಅದರಲ್ಲಿ ಒಪ್ಪಿದ್ದರು.

ಇಲ್ಲಿ ಗಮನಿಸಬೇಕಾದ್ದು ಹಣದ ಮೊತ್ತಕ್ಕಿಂತ ಸುದ್ದಿ ತಂದ ಆ ಅನಾಮಿಕ ವ್ಯಕ್ತಿ. ಅಧಿವೇಶನದ ವೇದಿಕೆಯಲ್ಲಿ ಆತ ಬಹುಶಃ ಎಲ್ಲಿಯೂ ಇರಲಿಲ್ಲ. ಸೇಠರ ಬಿಡಾರದಲ್ಲಿ ಕೇಳಿದ್ದನ್ನು ವಿದ್ವಾಂಸರ ಬಿಡಾರಕ್ಕೆ ತಂದದ್ದಷ್ಟೇ ಆತನ ಪಾತ್ರ. ರಥ ಎಳೆಯಿಸುವುದೂ ಶಾಸ್ತ್ರದಾನವೂ ಎರಡೂ ಪುಣ್ಯಕಾರ್ಯಗಳೆಂದೇ ನಂಬಿದ ಶ್ರಾವಕನೊಬ್ಬನಿಗೆ ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು ಅಷ್ಟು ಕಠಿಣವಾಗಿರಲಾರದು. ಹೊರಳಿಸುವವರು ಆ ರಾತ್ರಿ ಅದೇ ಊರಿನಲ್ಲಿ ಇರಬೇಕಿತ್ತು, ಅಷ್ಟೆ.

ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂತು. ಫೂಲಚಂದ್ರ ಶಾಸ್ತ್ರಿ, ಬಾಲಚಂದ್ರ ಶಾಸ್ತ್ರಿ ಮೊದಲಾದವರು ಈ ಕಾರ್ಯದಲ್ಲಿ ಹೀರಾಲಾಲರಿಗೆ ಹೆಗಲು ಕೊಟ್ಟರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿದ್ದ, ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆಯವರ ಸಹಕಾರವೂ ದೊರೆಯಿತು. ಹೀರಾಲಾಲ್-ಉಪಾಧ್ಯೆ ಜೋಡಿ ಮುಂದೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಯ ಸಂಪಾದಕತ್ವದಲ್ಲಿಯೂ ಮುಂದುವರಿಯಿತು. ಧವಲಾ ಹದಿನಾರು ಸಂಪುಟಗಳಲ್ಲಿ ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು.

ಆರಂಭದ ಸಂಪುಟಗಳಿಗೆ ಮೂಲ ಓಲೆಗಳ ನೆರವಿರಲಿಲ್ಲ. ಪ್ರತಿಯ ಪ್ರತಿಗಳನ್ನೇ ನಂಬಬೇಕಿತ್ತು. ಅದರ ಅಪಾಯವನ್ನು ಸತ್ಪ್ರರೂಪಣೆಯ 93ನೆಯ ಸೂತ್ರ ಎತ್ತಿತೋರಿಸುತ್ತದೆ. ಮನುಷ್ಯಿಣಿಯರಿಗೆ ಯಾವ ಗುಣಸ್ಥಾನಗಳು ಸಾಧ್ಯವೆಂದು ಹೇಳುವ ಆ ಸೂತ್ರದಲ್ಲಿ ‘ಸಂಜದ’ ಎಂಬ ಪದ ಲಭ್ಯ ಪ್ರತಿಗಳಲ್ಲಿರಲಿಲ್ಲ. ಟೀಕೆಯ ಸಂದರ್ಭ ನೋಡಿದರೆ ಅದು ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ಚರ್ಚೆಗೆ ತಗಲುವ ಪದವಾದ್ದರಿಂದ ಪಂಡಿತರಲ್ಲಿ ದೊಡ್ಡ ವಿವಾದವೆದ್ದಿತು. ಅಷ್ಟರಲ್ಲಿ ಮುದ್ರಿತ ಸಂಪುಟಗಳನ್ನು ಕಂಡ ಮೂಡುಬಿದಿರೆಯ ಮಠ ಸಹಕಾರದ ಹಸ್ತ ಚಾಚಿತ್ತು. ಹೀಗೆ ಮೂಲ ತಾಡೋಲೆಗಳೊಡನೆ ಪಾಠ ಹೋಲಿಸುವುದು ಸಾಧ್ಯವಾಯಿತು. ಗುಟ್ಟಿನ ಪ್ರತಿಯಿಂದ ಕೈಗೂಡದಿದ್ದ ಪಾಠಶುದ್ಧಿ ಪರಸ್ಪರ ವಿಶ್ವಾಸದಿಂದ ಕೈಗೂಡಿತು. ‘ಸಂಜದ’ ಹಳಗನ್ನಡ ಲಿಪಿಯ ಆ ಗರಿಯಲ್ಲಿ ಇದ್ದೇ ಇತ್ತು.