ಮೊದಲ ಜಾಲತಾಣ ರಚನೆ: ಹೊಸದಾಗಿ ಕಲಿಯುವವರಿಗೆ ಮಾಹಿತಿ
(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಭಾಗದ ಸಾರ್ವಜನಿಕರಿಗಾಗಿ)

ಪೀಠಿಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಭಾಗಗಳು ಕಾವೇರಿ, ಲಕ್ಷ್ಮಣತೀರ್ಥ ಹಾಗೂ ಕಬಿನಿ ನದಿಗಳ ನೀರನ್ನು ಅವಲಂಬಿಸಿದ ಕೃಷಿ ಪ್ರಧಾನ ಪ್ರದೇಶಗಳಾಗಿವೆ. ಇವುಗಳ ಪೈಕಿ ಕೃಷ್ಣರಾಜನಗರದಿಂದ ಸಾಲಿಗ್ರಾಮವನ್ನೂ ಹೆಗ್ಗಡದೇವನಕೋಟೆಯಿಂದ ಸರಗೂರನ್ನೂ ಪ್ರತ್ಯೇಕಿಸಿ ಹೊಸ ತಾಲ್ಲೂಕುಗಳನ್ನು ರಚಿಸಲಾಗಿದೆ. ಈ ಭಾಗದ ಸ್ವಸಹಾಯ ಸಂಘಗಳು, ಯುವಕ ಸಂಘಗಳು, ಶಾಲೆಗಳು ಮತ್ತು ರೈತರ ಗುಂಪುಗಳ ಬಳಿ ಉಪಯುಕ್ತ ಮಾಹಿತಿ ಹೇರಳವಾಗಿದ್ದರೂ ಅದು ಬಹುತೇಕ ಕರಪತ್ರ, ನೋಟ್ ಪುಸ್ತಕ ಅಥವಾ ಮೊಬೈಲ್ ಸಂದೇಶಗಳಲ್ಲಿಯೇ ಉಳಿಯುತ್ತದೆ. ಸಂದೇಶವು ಕೆಲವೇ ದಿನಗಳಲ್ಲಿ ಮರೆಯಾಗುತ್ತದೆ. ಜಾಲತಾಣದ ಪುಟವು ಒಂದೇ ವಿಳಾಸದಲ್ಲಿ ನಿಂತು, ಹುಡುಕಿದವರಿಗೆಲ್ಲ ದೊರೆಯುತ್ತದೆ. ಗಣಕಯಂತ್ರದ ವಿಶೇಷ ತರಬೇತಿ ಇಲ್ಲದವರೂ ಸ್ವತಃ ಇಂತಹ ಪುಟವನ್ನು ಸಿದ್ಧಪಡಿಸಬಹುದಾಗಿದೆ. ಅದಕ್ಕೆ ಅಗತ್ಯವಾದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜಾಲತಾಣ ಎಂದರೇನು?

ಜಾಲತಾಣವು ಸದಾ ಚಾಲನೆಯಲ್ಲಿರುವ ಒಂದು ಗಣಕಯಂತ್ರದಲ್ಲಿ ಇರಿಸಲಾದ ಕಡತಗಳ ಸಮೂಹವಾಗಿದೆ. ಈ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಓದುಗರು ತಮ್ಮ ಬ್ರೌಸರ್‌ನಲ್ಲಿ ವಿಳಾಸವನ್ನು ನಮೂದಿಸಿದಾಗ ಸರ್ವರ್ ಆ ಕಡತವನ್ನು ಕಳುಹಿಸುತ್ತದೆ ಮತ್ತು ಬ್ರೌಸರ್ ಅದನ್ನು ಪುಟವಾಗಿ ತೋರಿಸುತ್ತದೆ. ಈ ವ್ಯವಸ್ಥೆಯನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಸ್ವಿಟ್ಜರ್‌ಲೆಂಡ್‌ನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಪ್ರಸ್ತಾಪಿಸಿದರು. 1991ರಲ್ಲಿ ಮೊದಲ ಜಾಲತಾಣವು ಸಾರ್ವಜನಿಕರಿಗೆ ಲಭ್ಯವಾಯಿತು. ಕನ್ನಡದ ಮೊದಲ ಜಾಲತಾಣವೆಂದು ಗುರುತಿಸಲಾಗುವ 'ವಿಶ್ವಕನ್ನಡ'ವನ್ನು ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದರು. ಕನ್ನಡ ವಿಕಿಪೀಡಿಯ 2003ರಲ್ಲಿ ಪ್ರಾರಂಭವಾಯಿತು.

ಪುಟವನ್ನು ಬರೆಯಲು ಬಳಸುವ ಗುರುತು ಭಾಷೆಗೆ ಎಚ್‌ಟಿಎಂಎಲ್ ಎನ್ನುತ್ತಾರೆ. ಪಠ್ಯದ ಯಾವ ಭಾಗ ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಕೊಂಡಿ ಎಂಬುದನ್ನು ಬ್ರೌಸರ್‌ಗೆ ತಿಳಿಸುವುದಷ್ಟೇ ಇದರ ಕೆಲಸ. ಬಣ್ಣ, ಅಕ್ಷರದ ಗಾತ್ರ ಮತ್ತು ಅಂಚುಗಳನ್ನು ಸಿಎಸ್ಎಸ್ ಎಂಬ ಪ್ರತ್ಯೇಕ ವಿಧಾನದಿಂದ ನಿರ್ಧರಿಸಲಾಗುತ್ತದೆ. ಹೊಸದಾಗಿ ಕಲಿಯುವವರು ಮೊದಲು ಎಚ್‌ಟಿಎಂಎಲ್ ಅನ್ನು ಮಾತ್ರ ಕಲಿತರೆ ಸಾಕಾಗುತ್ತದೆ.

ಕನ್ನಡ ಪಠ್ಯ ಮತ್ತು ಯುನಿಕೋಡ್

ಕನ್ನಡದಲ್ಲಿ ಪುಟ ರಚಿಸುವವರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ಅಂಶವಿದು. ಹಿಂದಿನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಅಂತಹ ಪಠ್ಯವು ಅದೇ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಬೇರೆಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಹುಡುಕು ಯಂತ್ರಗಳಿಗೆ ಅದು ಕನ್ನಡವೆಂದು ತಿಳಿಯುವುದಿಲ್ಲ. ದೃಷ್ಟಿ ವಿಕಲಚೇತನರು ಬಳಸುವ ಪರದೆ ಓದುವ ತಂತ್ರಾಂಶವೂ ಅದನ್ನು ಓದಲಾರದು.

ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದ್ದು, 'ಕ' ಅಕ್ಷರದ ಸಂಖ್ಯೆ 3221 ಆಗಿರುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದರಲ್ಲಿ ಸೇರಿದೆ. 2001ರ ವಿಂಡೋಸ್ ಎಕ್ಸ್‌ಪಿ ಆವೃತ್ತಿಯಲ್ಲಿ 'ತುಂಗಾ' ಎಂಬ ಯುನಿಕೋಡ್ ಫಾಂಟ್ ದೊರೆಯಿತು. ಈಗಿನ ಮೊಬೈಲ್ ದೂರವಾಣಿಗಳ ಕನ್ನಡ ಕೀಲಿಮಣೆಗಳು ಯುನಿಕೋಡ್‌ನಲ್ಲಿಯೇ ಬರೆಯುತ್ತವೆ. ಸಂಘದ ನಡಾವಳಿ ಅಥವಾ ಊರಿನ ಇತಿಹಾಸವನ್ನು ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದಲ್ಲಿ ಅದನ್ನು ಪರಿವರ್ತಕ ತಂತ್ರಾಂಶದ ಮೂಲಕ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಸಾಲು ಸಾಲಾಗಿ ಪರಿಶೀಲಿಸಿದ ನಂತರವೇ ಬಳಸತಕ್ಕದ್ದು.

ಅಗತ್ಯ ಸಾಮಗ್ರಿಗಳು

1. ಒಂದು ಗಣಕಯಂತ್ರ. ಸ್ವಂತ ಯಂತ್ರ ಇಲ್ಲದವರು ಸೌಲಭ್ಯವಿರುವ ಕಡೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ವಿಚಾರಿಸಬಹುದು.
2. ನೋಟ್‌ಪ್ಯಾಡ್‌ನಂತಹ ಸರಳ ಬರವಣಿಗೆ ತಂತ್ರಾಂಶ. ವರ್ಡ್ ತಂತ್ರಾಂಶ ಈ ಕೆಲಸಕ್ಕೆ ಸೂಕ್ತವಲ್ಲ.
3. ಯಾವುದಾದರೂ ಒಂದು ಬ್ರೌಸರ್.
4. ಪುಟವನ್ನು ಪ್ರಕಟಿಸುವ ದಿನ ಮಾತ್ರ ಅಂತರಜಾಲ ಸಂಪರ್ಕ. ಬರೆಯುವ ಮತ್ತು ಪರೀಕ್ಷಿಸುವ ಕೆಲಸಕ್ಕೆ ಸಂಪರ್ಕದ ಅಗತ್ಯವಿಲ್ಲ.

ರಚನೆಯ ಹಂತಗಳು

1. ವಿಷಯದ ಆಯ್ಕೆ: ಮೊದಲ ಜಾಲತಾಣವು ಒಂದೇ ಪ್ರಶ್ನೆಗೆ ಉತ್ತರ ನೀಡುವಂತಿರಲಿ. ಉದಾಹರಣೆಗೆ, ಚುಂಚನಕಟ್ಟೆಗೆ ಬರುವ ಪ್ರವಾಸಿಗರಿಗೆ ತಿಳಿದಿರಬೇಕಾದ ವಿಷಯಗಳು, ಸ್ವಸಹಾಯ ಸಂಘವೊಂದು ತಯಾರಿಸುವ ಪದಾರ್ಥಗಳು ಅಥವಾ ಗ್ರಾಮದ ಶಾಲೆಯ ಪರಿಚಯ. ವಿಷಯವನ್ನು ಮೊದಲು ಕಾಗದದ ಮೇಲೆ ಬರೆದು, ಮುಖಪುಟದಲ್ಲಿ ಏನಿರಬೇಕು, ಉಳಿದ ಪುಟಗಳಲ್ಲಿ ಏನಿರಬೇಕು ಎಂಬುದನ್ನು ವಿಂಗಡಿಸುವುದು ಸೂಕ್ತ.

2. ಕಡತವನ್ನು ಉಳಿಸುವುದು: ಹೊಸ ಫೋಲ್ಡರ್ ಒಂದನ್ನು ತೆರೆದು, ಮುಖಪುಟದ ಕಡತಕ್ಕೆ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ 'ಇಂಡೆಕ್ಸ್' ಎಂದೂ ಚುಕ್ಕಿಯ ನಂತರ 'ಎಚ್‌ಟಿಎಂಎಲ್' ಎಂದೂ ಹೆಸರಿಡತಕ್ಕದ್ದು. ಸರ್ವರ್ ಮೊದಲು ಹುಡುಕುವುದು ಇದೇ ಹೆಸರಿನ ಕಡತವನ್ನು. ಉಳಿಸುವಾಗ ಎನ್‌ಕೋಡಿಂಗ್ ಆಯ್ಕೆಯಲ್ಲಿ ಯುಟಿಎಫ್-8 ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಹೆಸರಿನ ಕೊನೆಗೆ 'ಟಿಎಕ್ಸ್‌ಟಿ' ಎಂಬುದು ತಾನಾಗಿ ಸೇರಿಕೊಂಡಿದ್ದಲ್ಲಿ ಅದನ್ನು ತೆಗೆಯಬೇಕು.

3. ಪುಟದ ಚೌಕಟ್ಟು: ಗುರುತುಗಳನ್ನು ಕೋನಾಕಾರದ ಆವರಣ ಚಿಹ್ನೆಗಳ ನಡುವೆ ಬರೆಯಲಾಗುತ್ತದೆ, ಇವುಗಳಿಗೆ ಟ್ಯಾಗ್ ಎಂದು ಹೆಸರು. ತೆರೆದ ಟ್ಯಾಗನ್ನು ಓರೆಗೆರೆ ಸೇರಿಸಿ ಮುಚ್ಚಬೇಕು. ಪುಟವು 'ಹೆಡ್' ಮತ್ತು 'ಬಾಡಿ' ಎಂಬ ಎರಡು ಭಾಗಗಳನ್ನು ಹೊಂದಿರುತ್ತದೆ. ಹೆಡ್ ಭಾಗದಲ್ಲಿ ಪುಟದ ಹೆಸರು, ಯುಟಿಎಫ್-8 ಎಂಬ ಸೂಚನೆ ಮತ್ತು ಮೊಬೈಲ್ ಪರದೆಗೆ ಹೊಂದಿಕೊಳ್ಳುವಂತೆ ಮಾಡುವ 'ವ್ಯೂಪೋರ್ಟ್' ಸೂಚನೆ ಇರಬೇಕು. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆಯ ಸಂಕೇತವಾಗಿ ಕನ್ನಡಕ್ಕೆ ನಿಗದಿಯಾದ 'ಕೆಎನ್' ಎಂಬ ಎರಡು ಅಕ್ಷರಗಳನ್ನು ನಮೂದಿಸಬೇಕು. ಪರದೆ ಓದುವ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಇದು ನೆರವಾಗುತ್ತದೆ.

4. ಪಠ್ಯ: ಓದುಗರಿಗೆ ಕಾಣುವುದೆಲ್ಲವೂ ಬಾಡಿ ಭಾಗದಲ್ಲಿರುತ್ತದೆ. ಮುಖ್ಯ ಶೀರ್ಷಿಕೆಗೆ 'ಎಚ್1', ಉಪಶೀರ್ಷಿಕೆಗೆ 'ಎಚ್2', ಪ್ಯಾರಾಗೆ 'ಪಿ', ಕೊಂಡಿಗೆ 'ಎ', ಚಿತ್ರಕ್ಕೆ 'ಐಎಂಜಿ' ಟ್ಯಾಗ್‌ಗಳನ್ನು ಬಳಸಲಾಗುತ್ತದೆ. ಈ 5 ಟ್ಯಾಗ್‌ಗಳಿಂದಲೇ ಸಂಪೂರ್ಣವಾದ ಮೊದಲ ಪುಟ ಸಿದ್ಧವಾಗುತ್ತದೆ.

5. ಚಿತ್ರಗಳು: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುತ್ತದೆ. 'ಹುಣಸೂರು' ಎಂಬ ಪದದಲ್ಲಿ ಅಕ್ಷರ ಮತ್ತು ಸ್ವರಚಿಹ್ನೆಗಳು ಸೇರಿ 7 ಸಂಕೇತಗಳಿದ್ದು, ಅದು 21 ಬೈಟ್ ಆಗುತ್ತದೆ. ಹೀಗಾಗಿ ಹಲವು ಪುಟಗಳ ಕನ್ನಡ ಪಠ್ಯವೂ ಅತ್ಯಲ್ಪ ಜಾಗವನ್ನು ತೆಗೆದುಕೊಳ್ಳುತ್ತದೆ. ಆದರೆ ಮೊಬೈಲ್‌ನಲ್ಲಿ ತೆಗೆದ ಒಂದೇ ಛಾಯಾಚಿತ್ರ 4 ಮೆಗಾಬೈಟ್ ಇರಬಹುದು. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದು ತೆರೆಯಲು 32 ಸೆಕೆಂಡ್ ಬೇಕು. ಅದನ್ನೇ 200 ಕಿಲೋಬೈಟ್‌ಗೆ ಕುಗ್ಗಿಸಿದರೆ 2 ಸೆಕೆಂಡಿಗಿಂತ ಕಡಿಮೆ ಸಾಕು. ನಾಗರಹೊಳೆ ಅರಣ್ಯದ ಅಂಚಿನ ಹಾಡಿ ಮತ್ತು ಗ್ರಾಮಗಳಲ್ಲಿ ದುರ್ಬಲ ಸಂಪರ್ಕದಲ್ಲಿ ಪುಟ ತೆರೆಯುವವರನ್ನು ಗಮನದಲ್ಲಿಟ್ಟುಕೊಂಡು ಚಿತ್ರಗಳನ್ನು ಕುಗ್ಗಿಸತಕ್ಕದ್ದು. ಚಿತ್ರದಲ್ಲಿ ಏನಿದೆ ಎಂಬುದನ್ನು 'ಆಲ್ಟ್' ಎಂಬ ವಿವರಣೆಯಲ್ಲಿ ಕನ್ನಡದಲ್ಲಿ ಬರೆಯಬೇಕು.

6. ಪರೀಕ್ಷೆ: ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಪುಟವು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ತಿದ್ದಿ ಉಳಿಸಿದ ನಂತರ ಪುಟವನ್ನು ಮತ್ತೊಮ್ಮೆ ತೆರೆದು ನೋಡಬೇಕು. ವಿಂಡೋಸ್ ಯಂತ್ರವು ಕಡತದ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳ ನಡುವೆ ಭೇದ ಮಾಡುವುದಿಲ್ಲ. ಅನೇಕ ಸರ್ವರ್‌ಗಳು ಭೇದ ಮಾಡುತ್ತವೆ. ಮನೆಯಲ್ಲಿ ಕಂಡ ಚಿತ್ರವು ಪ್ರಕಟಣೆಯ ನಂತರ ಕಾಣದಿರಲು ಇದು ಸಾಮಾನ್ಯ ಕಾರಣ. ಆದುದರಿಂದ ಎಲ್ಲ ಕಡತಗಳಿಗೂ ಸಣ್ಣಕ್ಷರದ, ನಡುವೆ ಖಾಲಿ ಜಾಗವಿಲ್ಲದ ಹೆಸರುಗಳನ್ನು ಇಡುವುದು ಕ್ಷೇಮ.

7. ಪ್ರಕಟಣೆ: ಗಿಟ್‌ಹಬ್ ಪೇಜಸ್‌ನಂತಹ ಸೇವೆಗಳಲ್ಲಿ ಸರಳ ಪುಟಗಳನ್ನು ಶುಲ್ಕವಿಲ್ಲದೆ ಪ್ರಕಟಿಸಬಹುದಾಗಿದೆ. ಸ್ವಂತ ವಿಳಾಸ ಬೇಕಾದವರು ಶುಲ್ಕ ನೀಡಿ '.ಇನ್' ಹೆಸರನ್ನು ನೋಂದಾಯಿಸಬಹುದು. ಇದನ್ನು ನಿಗದಿತ ಅವಧಿಗೆ ನವೀಕರಿಸದಿದ್ದಲ್ಲಿ ಹೆಸರು ಬೇರೆಯವರ ಪಾಲಾಗಬಹುದು. ಕನ್ನಡ ಲಿಪಿಯಲ್ಲಿ '.ಭಾರತ' ಎಂಬ ವಿಳಾಸವೂ ಇದೆ. ಲಕ್ಷಾಂತರ ಜನರ ಮೊದಲ ಪುಟಗಳಿದ್ದ ಜಿಯೋಸಿಟೀಸ್ ಎಂಬ ಉಚಿತ ಸೇವೆಯನ್ನು ಅಮೆರಿಕದಲ್ಲಿ 2009ರಲ್ಲಿ ಮುಚ್ಚಲಾಯಿತು. ಆದುದರಿಂದ ಎಲ್ಲ ಕಡತಗಳ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು ಅವಶ್ಯ.

ಊರಿನ ಹೆಸರುಗಳ ಬಳಕೆ

ಈ ಭಾಗದ ಊರುಗಳ ಹೆಸರನ್ನು ಜನರು ಬೇರೆ ಬೇರೆ ರೀತಿಯಲ್ಲಿ ಹುಡುಕುತ್ತಾರೆ. ಪಿರಿಯಾಪಟ್ಟಣವನ್ನು ಪೆರಿಯಾಪಟ್ಟಣವೆಂದೂ ಬರೆಯುವುದುಂಟು. ಹೆಗ್ಗಡದೇವನಕೋಟೆಯು ಎಚ್.ಡಿ. ಕೋಟೆ ಎಂದೂ ಕೃಷ್ಣರಾಜನಗರವು ಕೆ.ಆರ್. ನಗರ ಎಂದೂ ಬಳಕೆಯಲ್ಲಿವೆ. ಹಳೆಯ ದಾಖಲೆಗಳಲ್ಲಿ ಎಡತೊರೆ ಎಂಬ ಹೆಸರು ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಮೈಸೂರಿನ ಕಾಗುಣಿತವು 2014ರ ನವೆಂಬರ್ 1ರಿಂದ ಬದಲಾಗಿದೆ. ಪುಟದ ಪಠ್ಯದಲ್ಲಿ ಪೂರ್ಣ ಹೆಸರು ಮತ್ತು ರೂಢಿಯ ಹೆಸರು ಎರಡನ್ನೂ ಒಮ್ಮೆಯಾದರೂ ಬಳಸಿದರೆ ಹುಡುಕುವವರಿಗೆ ಪುಟ ಸುಲಭವಾಗಿ ದೊರೆಯುತ್ತದೆ.

ಕಡ್ಡಾಯವಾಗಿ ಪಾಲಿಸಬೇಕಾದ ಎಚ್ಚರಿಕೆಗಳು

- ಸಂಘದ ಸದಸ್ಯರ ಅಥವಾ ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಹಾಗೂ ಮೊಬೈಲ್ ಸಂಖ್ಯೆಗಳಿರುವ ಪಟ್ಟಿಯನ್ನು ಎಂದಿಗೂ ಪ್ರಕಟಿಸಬಾರದು. ಒಮ್ಮೆ ಪ್ರಕಟವಾದ ಪಟ್ಟಿಯನ್ನು ಅಳಿಸಿದರೂ ಅದರ ಪ್ರತಿಗಳು ವಂಚಕರ ಕೈಯಲ್ಲಿ ಉಳಿಯಬಹುದು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಅಂಗೀಕರಿಸಲಾಗಿದೆ.
- ಜೇನು ಕುರುಬ, ಬೆಟ್ಟ ಕುರುಬ ಮುಂತಾದ ಸಮುದಾಯಗಳ ಜನರ ಹಾಗೂ ಶಾಲಾ ಮಕ್ಕಳ ಛಾಯಾಚಿತ್ರಗಳನ್ನು ಅವರ ಅಥವಾ ಪೋಷಕರ ಒಪ್ಪಿಗೆ ಪಡೆಯದೆ ಬಳಸಬಾರದು. ಚಿತ್ರವು ಎಲ್ಲಿ, ಯಾರಿಗೆ ಕಾಣುತ್ತದೆ ಎಂಬುದನ್ನು ಅವರಿಗೆ ಮೊದಲೇ ವಿವರಿಸಬೇಕು.
- ಖಾಸಗಿ ಜಾಲತಾಣಗಳಲ್ಲಿ ರಾಷ್ಟ್ರಲಾಂಛನವನ್ನು ಬಳಸುವಂತಿಲ್ಲ. ಇದರ ದುರುಪಯೋಗವನ್ನು 2005ರ ಕಾಯ್ದೆಯು ನಿಷೇಧಿಸಿದೆ.
- ಇತರರ ಲೇಖನ ಮತ್ತು ಚಿತ್ರಗಳು 1957ರ ಕೃತಿಸ್ವಾಮ್ಯ ಕಾಯ್ದೆಗೆ ಒಳಪಟ್ಟಿರುತ್ತವೆ. ಅಂತರಜಾಲದಲ್ಲಿ ದೊರೆತ ಮಾತ್ರಕ್ಕೆ ಅವು ಎಲ್ಲರ ಸ್ವತ್ತಾಗುವುದಿಲ್ಲ.
- ಹುಣಸೂರು, ಪಿರಿಯಾಪಟ್ಟಣ ಭಾಗದಲ್ಲಿ ತಂಬಾಕು ಪ್ರಮುಖ ವಾಣಿಜ್ಯ ಬೆಳೆಯಾಗಿದೆ. ಬೆಳೆಯ ಬಗ್ಗೆ ಮಾಹಿತಿ ನೀಡುವಾಗ ಸಿಗರೇಟು ಮುಂತಾದ ಉತ್ಪನ್ನಗಳಿಗೆ ಪ್ರಚಾರ ದೊರೆಯದಂತೆ ಎಚ್ಚರ ವಹಿಸಬೇಕು. 2003ರ ಕಾಯ್ದೆಯು ಅಂತಹ ಜಾಹೀರಾತನ್ನು ನಿಷೇಧಿಸಿದೆ.

ನಿರ್ವಹಣೆ

ಜಾಲತಾಣದ ಕೆಲಸ ಪ್ರಕಟಣೆಯೊಂದಿಗೆ ಮುಗಿಯುವುದಿಲ್ಲ. ತಂಬಾಕು ಹರಾಜಿನ ಧಾರಣೆ, ಕಬಿನಿ ಜಲಾಶಯದ ನೀರಿನ ಮಟ್ಟ, ಬಸ್ಸಿನ ವೇಳೆ ಮುಂತಾದವು ಬದಲಾಗುತ್ತಿರುತ್ತವೆ. ಕಳೆದ ತಿಂಗಳ ಧಾರಣೆಯನ್ನು ಇಂದಿನದೆಂದು ನಂಬಿದ ರೈತನಿಗೆ, ಹಳೆಯ ನೀರಿನ ಮಟ್ಟವನ್ನು ನೋಡಿ ನದಿಗೆ ಇಳಿದವನಿಗೆ ಆಗುವ ನಷ್ಟ ಪುಟವೇ ಇಲ್ಲದಿದ್ದಾಗ ಆಗುವ ನಷ್ಟಕ್ಕಿಂತ ಹೆಚ್ಚು. ನಿತ್ಯ ತಿದ್ದಲು ಸಾಧ್ಯವಿಲ್ಲದ ಮಾಹಿತಿಯನ್ನು ಸೇರಿಸದೆ, ಸಂಬಂಧಪಟ್ಟ ಇಲಾಖೆ ಅಥವಾ ಮಂಡಳಿಯ ಅಧಿಕೃತ ಪುಟಕ್ಕೆ ಕೊಂಡಿ ನೀಡುವುದು ಸೂಕ್ತ. ಪ್ರತಿ ಪುಟದ ಕೆಳಭಾಗದಲ್ಲಿ ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕವನ್ನು ನಮೂದಿಸತಕ್ಕದ್ದು.

ಸಂಘ ಸಂಸ್ಥೆಗಳ ಜಾಲತಾಣವಾಗಿದ್ದಲ್ಲಿ ಪ್ರವೇಶಪದ ಮತ್ತು ಹೆಸರಿನ ನೋಂದಣಿ ವಿವರಗಳು ಒಬ್ಬರ ಬಳಿ ಮಾತ್ರ ಇರದೆ, ಕನಿಷ್ಠ ಇಬ್ಬರು ಜವಾಬ್ದಾರಿಯುತ ಸದಸ್ಯರಿಗೆ ತಿಳಿದಿರಬೇಕು. ಪುಟ ರಚಿಸಿದ ವಿದ್ಯಾರ್ಥಿಯು ವ್ಯಾಸಂಗಕ್ಕಾಗಿ ಊರು ಬಿಟ್ಟ ನಂತರವೂ ಮಾಹಿತಿಯನ್ನು ತಿದ್ದಲು ಇದರಿಂದ ಸಾಧ್ಯವಾಗುತ್ತದೆ. ಹೊಸದಾಗಿ ಕಲಿತವರು ತಮ್ಮ ನಂತರ ಪುಟವನ್ನು ನೋಡಿಕೊಳ್ಳಲು ಮತ್ತೊಬ್ಬರಿಗೆ ಈ 5 ಟ್ಯಾಗ್‌ಗಳನ್ನು ಕಲಿಸಿಕೊಡುವುದು ಅಪೇಕ್ಷಣೀಯವಾಗಿದೆ.