ಹಳೇ ಕಾರ್ಬೋರೇಟರ್ ಎಂಜಿನ್‌ಗೆ ಸೂಪರ್‌ಚಾರ್ಜರ್: ಕೂರಿಸೋ ಮುನ್ನ ಇದು ತಿಳಿದಿರಲಿ

ಸೂಪರ್‌ಚಾರ್ಜರ್ ಅಂದ್ರೆ ಎಂಜಿನ್ ಬೆಲ್ಟ್‌ನಿಂದಲೇ ತಿರುಗಿ ಸಿಲಿಂಡರ್‌ಗೆ ಹೆಚ್ಚು ಗಾಳಿ ತುಂಬುವ ಪಂಪು. ಬ್ರಿಟನ್ನಿನ ಹಳೇ ಎಂಜಿಬಿ ಕಾರಿಗೆ (1962-80) ಈಟನ್ ಎಂ45 ಕೂರಿಸುವವರಿದ್ದಾರೆ. 2002ರಲ್ಲಿ ಬಂದ ಮಿನಿ ಕೂಪರ್ ಎಸ್‌ನಲ್ಲೂ ಇದೇ ಜಾತಿಯದಿತ್ತು. ಎಂಜಿಬಿಯದು 1798 ಸಿಸಿ ಬಿ-ಸೀರೀಸ್ ಎಂಜಿನ್. ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೂ ಅದೇ ಮನೆತನದ್ದು!

ಈ ಎಂಜಿನ್ ಒಂದು ಸುತ್ತಿಗೆ ಎಳೆಯೋದು ಸುಮಾರು 0.9 ಲೀಟರ್ ಗಾಳಿ, ಎಂ45 ಒಂದು ಸುತ್ತಿಗೆ ತಳ್ಳೋದು 0.74 ಲೀಟರ್. ಹಾಗಾಗಿ ಚಿಕ್ಕ ಪುಲ್ಲಿ ಹಾಕಿ ಎಂಜಿನ್‌ಗಿಂತ ಜೋರಾಗಿ ತಿರುಗಿಸಲೇಬೇಕು.

ಕಾರ್ಬೋರೇಟರನ್ನು ಸೂಪರ್‌ಚಾರ್ಜರ್‌ಗಿಂತ ಮೊದಲು ಇಡೋದೇ ಸುಲಭ. ಆಮೇಲೆ ಇಟ್ರೆ ಫ್ಲೋಟ್ ಚೇಂಬರ್‌ಗೂ ಅದೇ ಒತ್ತಡ ಕೊಡಬೇಕು, ಪೆಟ್ರೋಲ್ ಪಂಪಿನ ಒತ್ತಡವೂ ಜೊತೆಗೇ ಏರಬೇಕು. ಇಲ್ಲದಿದ್ರೆ ಎಂಜಿನ್‌ಗೆ ಪೆಟ್ರೋಲೇ ಸಿಗಲ್ಲ. ಮೊದಲು ಇಟ್ಟರೂ ಮ್ಯಾನಿಫೋಲ್ಡ್ ತುಂಬಾ ಪೆಟ್ರೋಲ್ ಬೆರೆತ ಗಾಳಿ ಇರುತ್ತೆ. ಬ್ಯಾಕ್‌ಫೈರ್ ಆದಾಗ ಒತ್ತಡ ಹೊರಬಿಡೋ ವಾಲ್ವ್ ಬೇಕು.

ನಿಜವಾದ ಭಯ ನಾಕಿಂಗ್‌ದು. ಮೊದಲಿನ ಎಂಜಿಬಿಗಳ ಕಂಪ್ರೆಷನ್ 8.8:1. ಅದರ ಮೇಲೆ ಬೂಸ್ಟ್ ಬಿದ್ರೆ ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ ತೂತಾಗಬಹುದು. ಬೂಸ್ಟ್ ಕಡಿಮೆ ಇಟ್ಟು, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಂದು, ಎಸ್‌ಯು ಕಾರ್ಬೋರೇಟರ್‌ನ ನೀಡಲ್ ಬದಲಿಸಿ ಪೆಟ್ರೋಲ್ ಹೆಚ್ಚಿಸಬೇಕು. ಇದನ್ನ ಅಂದಾಜಲ್ಲಿ ಮಾಡೋ ಕೆಲಸ ಅಲ್ಲ.

ಇನ್ನು ನಮ್ಮ ಕಡೆ ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ಕಂಪನಿ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಿಸುವಂತಿಲ್ಲ. ಗ್ಯಾರೇಜಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.